ಹಳ್ಳದಂಡಿಯ ಹಳೆಯ ಸೇತುವೆ

ಯಾವ ಪ್ರಜೆಯೂ ನ್ಯಾಯಬೆಲೆ ಅಂಗಡಿಯಿಂದ ಮೂರು ಕಿಲೋಮೀಟರಿಗಿಂತ ದೂರ ವಾಸಿಸತಕ್ಕದ್ದಲ್ಲವೆಂದು ೨೦೦೭ರ ಜೂನ್ ತಿಂಗಳಲ್ಲಿ ಸವದತ್ತಿ ಸೀಮೆಯ ಕಚೇರಿಯೊಂದಕ್ಕೆ ಆದೇಶ ಬಂದಿತು. ಯಾರು ಎಷ್ಟು ದೂರವಿದ್ದಾರೆಂಬುದು ಯಾರಿಗೂ ಗೊತ್ತಿರದ ಕಾರಣ, ಕಂಪ್ಯೂಟರ್ ನಕಾಶೆಯಲ್ಲಿ ದಾರಿ ಅಳೆಯುವುದನ್ನು ಕಲಿಸಲು ಬೈಲಹೊಂಗಲದಿಂದ ನಾಜಿಮಾ ಮೇಡಂ ಅವರನ್ನು ಕರೆಸಲಾಯಿತು.

"ಪಟ್ಟಿ ಇಟ್ಟು ನೆಟ್ಟಗ ಅಳೀಬ್ಯಾಡ್ರಿ," ಎಂದು ನಾಜಿಮಾ ಗುಮಾಸ್ತರಿಗೆ ಹೇಳಿದಳು. "ಮಂದಿ ನಡಿಯೂ ದಾರಿ ಹಿಡದ ಅಳೀರಿ."

ಹಾಗೆ ಅಳೆದಾಗ ಹಳ್ಳದಂಡಿ ಎಂಬ ಊರಿನ ತಂಗೆವ್ವನ ಮನೆ ಪರದೆಯ ಮೇಲೆ ಕೆಂಪಗಾಯಿತು. ಅಂಗಡಿ ಹಳ್ಳದ ಆಚೆ ದಂಡೆಯಲ್ಲಿ ಕಣ್ಣಿಗೇ ಕಾಣುತ್ತಿತ್ತು. ಸುತ್ತುಹಾಕಿ ಹೋದರೆ ಹನ್ನೊಂದು ಕಿಲೋಮೀಟರ್.

ಮುಖ್ಯಾಧಿಕಾರಿ ಅಮೋಘಸಿದ್ದಪ್ಪನವರು ಕೆಂಪು ಬಣ್ಣ ಸಹಿಸದವರು. "ಮೇಡಂ, ಇಲ್ಲೊಂದು ಗೆರಿ ಎಳೀರಿ. ಸೇತುವೆ ಅಂತ ಬರೀರಿ."

"ಅಲ್ಲಿ ಸೇತುವೆ ಇಲ್ರಿ, ಸಾಹೇಬ್ರ."

"ಇಲ್ಲ ಅಂತನ ಎಳಿಯಾಕ ಹೇಳಾಕತ್ತೇನಿ. ಇದ್ದಿದ್ರ ಯಾಕ ಎಳಸತಿದ್ನಿ?"

ನಾಜಿಮಾ ಕೈಕಟ್ಟಿ ಕುಳಿತಳು. ಸಾಹೇಬರು ತಾವೇ ಮೌಸ್ ಹಿಡಿದು ಎಳೆದರು. ಮನೆ ಹಸಿರಾಯಿತು. ಮೇಲಿನಿಂದ ಪ್ರಶಂಸಾಪತ್ರ ಬಂತು.

ತರಬೇತಿ ಜುಲೈನಲ್ಲೂ ನಡೆದೇ ಇತ್ತು. ಒಂದು ದಿನ ತಂಗೆವ್ವ ಎದೆಮಟ್ಟ ತೊಯ್ದ ಸೀರೆಯಲ್ಲಿ ದೂರು ಹೇಳಲು ಬಂದಳು. ಹಳ್ಳ ದಾಟುವಾಗ ತಿಂಗಳ ಅಕ್ಕಿ ನೀರುಪಾಲಾಗಿತ್ತು. ಕಚೇರಿ ಆಕೆಗೆ ನೋಟಿಸ್ ಕೊಟ್ಟಿತು: "ಸೇತುವೆ ಇದ್ದಾಗ್ಯೂ ತಾವು ನೀರಿನಲ್ಲಿ ನಡೆದಿರುವುದು ನಿಯಮಬಾಹಿರ. ಏಳು ದಿನದೊಳಗೆ ಕಾರಣ ತಿಳಿಸತಕ್ಕದ್ದು."

"ಏನಂತ ತಿಳಸ್ಲಿ ಯವ್ವಾ?" ಎಂದು ತಂಗೆವ್ವ ಅತ್ತಳು.

ನಾಜಿಮಾ ನೋಟಿಸನ್ನು ಇಸಿದುಕೊಂಡು ಓದಿದಳು. ಸೇತುವೆ ಇಲ್ಲವೆಂದರೆ ಪ್ರಶಂಸಾಪತ್ರ ಸುಳ್ಳಾಗುತ್ತದೆ. ಅದನ್ನು ಯಾವ ಕಚೇರಿಯೂ ಒಪ್ಪದು. ಆಕೆ ಪೆನ್ನು ತೆಗೆದು, "ಸದರಿ ಸೇತುವೆಯು ಮೊನ್ನೆಯ ಮಳೆಗೆ ಕೊಚ್ಚಿಕೊಂಡು ಹೋಗಿರುತ್ತದೆ," ಎಂದು ಬರೆದು ತಂಗೆವ್ವನ ಹೆಬ್ಬೆಟ್ಟು ಒತ್ತಿಸಿದಳು.

ಓದಿದ ಸಾಹೇಬರು ಬೆವರಿದರು. "ಅಂಥಾ ಸೇತುವೆ ಹೆಂಗ ಹೋತ್ರಿ?"

"ಹಂಗಾರ ಹೋಗಿಲ್ಲ ಅಂತ ಬರೀರಿ," ಎಂದಳು ನಾಜಿಮಾ. " ಮ್ಯಾಲಿನವರು ಬಂದು ನೋಡ್ಕೊಂಡ ಹೋಗ್ತಾರ."

ಸಾಹೇಬರು ತಕ್ಷಣ ಸಹಿ ಹಾಕಿದರು.

ಎಂಜಿನಿಯರರು ಸ್ಥಳಕ್ಕೆ ಬಂದರು. ಒಂದು ಕಲ್ಲೂ ಕಾಣದಿದ್ದುದರಿಂದ "ಹಾನಿ: ಸಂಪೂರ್ಣ" ಎಂದು ಬರೆದುಕೊಂಡರು. ಬೇಸಿಗೆಯೊಳಗೆ ದುರಸ್ತಿ ಮುಗಿಯಿತು. ಉದ್ಘಾಟನೆಯ ದಿನ ಅಮೋಘಸಿದ್ದಪ್ಪನವರು ಅಗಲಿದ ಸೇತುವೆಗಾಗಿ ಎರಡು ನಿಮಿಷ ಮೌನ ಆಚರಿಸಿದರು. ಊರವರು ಟೊಪಗಿ ತೆಗೆದು ನಿಂತರು.

ತಂಗೆವ್ವ ಅಕ್ಕಿಯ ಚೀಲ ಹೊತ್ತು, ಕಾಲು ತೋಯದಂತೆ ಈಚೆಗೆ ಬಂದಳು. ಹೇಗಿದೆಯೆಂದು ಉದ್ಘಾಟನೆಗೆ ಬಂದಿದ್ದ ನಾಜಿಮಾ ಕೇಳಿದ್ದಕ್ಕೆ ಹಿಂತಿರುಗಿ ನೋಡಿ, ತಲೆಯಾಡಿಸಿದಳು.

"ಚಲೋ ಐತಿ ಯವ್ವಾ. ಆದ್ರ ಹಳೇದರಷ್ಟ ಗಟ್ಟಿ ಇಲ್ಲ ಬಿಡು."