ಆರುನೂರ ಹನ್ನೆರಡನೇ ಪುಟ

ರಜೆಗೆ ಹೋಗುವಾಗ ಜನ ಪುಸ್ತಕ ತಗೊಂಡು ಹೋಗ್ತಾರೆ, ಓದದೇ ವಾಪಸ್ ತರ್ತಾರೆ. ಅಷ್ಟಕ್ಕೇ ಮುಗಿದ್ರೆ ಪುಣ್ಯ. ನನ್ನ ವಿಷಯದಲ್ಲಿ ಮಾತ್ರ ನಡುವೆ ಏನಾದರೂ ಒಂದು ಆಗೇ ಆಗುತ್ತೆ.

ಪುಸ್ತಕ ಒಂದೇ. ದ್ವಾರಕಾದಲ್ಲಿ ಒಬ್ಬರು ರಾಯರಿದ್ದಾರೆ, ಅಂಡರ್ ಸೆಕ್ರೆಟರಿಯಾಗಿ ರಿಟೈರ್ ಆದವರು. ಅವರ ಮನೆಯ ಸ್ಟೀಲ್ ಬೀರುನೇ ನಮ್ಮಂಥ ದಿಲ್ಲಿ ಕನ್ನಡಿಗರ ಲೈಬ್ರರಿ. ಅಲ್ಲಿಂದ ಒಂದು ಹಳೇ ಕಾದಂಬರಿ ತಂದೆ, ಆರುನೂರ ಹನ್ನೆರಡು ಪುಟ. ನಲವತ್ತನೇ ಪುಟದಲ್ಲಿ ನಾಯಕಿಗೆ ಅವಳ ತಂದೆ ಬರೆದಿಟ್ಟ ಒಂದು ಕಾಗದ ಸಿಗುತ್ತೆ. ಅಂಟಿಸಿದ ಲಕೋಟೆ. ಅವಳು ಅದನ್ನ ಒಡೆಯದೇ ಟ್ರಂಕಿನಲ್ಲಿಟ್ಟು ಬೀಗ ಹಾಕ್ತಾಳೆ. ಆ ಕಾಗದದಲ್ಲಿ ಏನಿದೆ, ನನಗೆ ಅಷ್ಟು ಗೊತ್ತಾಗಬೇಕಿತ್ತು. ಕೊನೇ ಪುಟ ಮೊದಲೇ ತೆಗೆದು ನೋಡೋ ಜಾಯಮಾನ ನಂದಲ್ಲ.

"ಕೊನೇ ಪುಟದಲ್ಲಿ ಕಣ್ಣೀರು ಬರುತ್ತೆ ರೀ" ಅಂದರು ರಾಯರು, ಪುಸ್ತಕದ ಹಿಂದೆ ನನ್ನ ಸಹಿ ಹಾಕಿಸಿಕೊಳ್ತಾ.

ಎಷ್ಟನೇ ಅಟೆಂಪ್ಟು

ಮೊದಲ ಸಲ ಓದೋಕೆ ಕೂತಿದ್ದು ಬೆಂಗಳೂರಿನ ರೈಲಲ್ಲಿ. ಎರಡು ರಾತ್ರಿ ಪ್ರಯಾಣ, ಕಿಟಕಿ ಸೀಟು. ಎದುರಿನ ಬರ್ತಲ್ಲಿ ಒಬ್ಬರು ಪಂಜಾಬಿ ಅಂಕಲ್. ಫರೀದಾಬಾದ್ ದಾಟಿರಲಿಲ್ಲ, ಶುರು ಮಾಡಿದರು.

"ಬೇಟಾ, ಯಾವ ಪರೀಕ್ಷೆ?"

"ಪರೀಕ್ಷೆ ಅಲ್ಲ ಅಂಕಲ್, ಕಥೆ ಪುಸ್ತಕ."

"ಅಚ್ಛಾ." ಮುಂದಕ್ಕೆ ಬಾಗಿ, ತಗ್ಗಿದ ದನಿಯಲ್ಲಿ, "ಎಷ್ಟನೇ ಅಟೆಂಪ್ಟು?"

ದಿಲ್ಲಿಯಲ್ಲಿ ಇಷ್ಟು ದಪ್ಪದ ಪುಸ್ತಕ ಹಿಡಿದವನು ಮುಖರ್ಜಿ ನಗರದಲ್ಲಿ ಐಎಎಸ್ ಕೋಚಿಂಗ್ ತಗೊಳ್ಳೋನೇ ಆಗಿರಬೇಕು ಅನ್ನೋದು ಅವರ ಲೆಕ್ಕ. ನನಗೆ ನಲವತ್ತೆರಡು ವರ್ಷ ಅಂದೆ. ಅವರು ನನ್ನ ಬಿಟ್ಟು ನನ್ನ ಹೆಂಡತಿ ಕಡೆ ತಿರುಗಿದರು. "ಹಾಗಾದರೆ ಬೇಟಿ, ಮನೆ ನಿನ್ನ ಸಂಬಳದಲ್ಲೇ ನಡೀತಿದೆಯಾ?"

ಇವಳು ಸ್ಕೂಲ್ ಟೀಚರು. "ಏನ್ ಮಾಡೋದು ಅಂಕಲ್, ಹೇಗೋ ನಡೀತಿದೆ" ಅಂದಳು, ಕಣ್ಣು ಕೂಡ ಮಿಟುಕಿಸದೆ.

ಅಲ್ಲಿಂದ ಮುಂದೆ ಅಂಕಲ್ ನನ್ನ ಜವಾಬ್ದಾರಿ ತಗೊಂಡರು. ಯಾರಾದರೂ ಜೋರಾಗಿ ಮಾತಾಡಿದರೆ ಗದರೋರು. ಅರ್ಧ ಗಂಟೆಗೊಂದು ಚಾಯ್ ಕೊಡಿಸಿ, ಚಾಯ್ ಜೊತೆ ಒಂದು ಜನರಲ್ ನಾಲೆಡ್ಜ್ ಪ್ರಶ್ನೆ ಕೇಳೋರು. ತಪ್ಪು ಉತ್ತರ ಹೇಳಿದಾಗೆಲ್ಲ ಇವಳ ಕಡೆ ನೋಡಿ ನಿಟ್ಟುಸಿರು ಬಿಡೋರು. ಬೆಂಗಳೂರು ಬಂದಾಗ ನಾನು ಅರವತ್ತನೇ ಪುಟದಲ್ಲಿದ್ದೆ.

ಇಳಿಯೋವಾಗ ಅಂಕಲ್ ನನ್ನ ಹೆಗಲ ಮೇಲೆ ಕೈಯಿಟ್ಟರು. "ಈ ಸಲ ಆಗದಿದ್ರೆ ಬಿಟ್ಟುಬಿಡು ಬೇಟಾ. ಕ್ಲರ್ಕ್ ಕೆಲಸಕ್ಕಾದರೂ ಟ್ರೈ ಮಾಡು."

ನಾನಾಗ ಸೆಕ್ಷನ್ ಆಫೀಸರ್. ನನ್ನ ಕೈಕೆಳಗೆ ಐದು ಜನ ಕ್ಲರ್ಕ್‌ಗಳಿದ್ದರು.

ಸರಿಯಾದ ಅಳತೆ

ಎರಡು ವರ್ಷ ಆದಮೇಲೆ ಮೇ ತಿಂಗಳಲ್ಲಿ ಶಿಮ್ಲಾಗೆ ಹೊರಟಾಗ ರಾಯರ ಹತ್ತಿರ ಮತ್ತೆ ಸಹಿ ಹಾಕಿ ಪುಸ್ತಕ ತಂದೆ. ಓದಿದ್ದೆಲ್ಲ ಮರೆತಿತ್ತು, ಒಂದನೇ ಪುಟದಿಂದ ಶುರು.

ಹೋಟೆಲಿನ ಕಿಟಕಿಗೆ ಚಿಲಕ ಇರಲಿಲ್ಲ. ರಾತ್ರಿ ಗಾಳಿಗೆ ದಡ್ ದಡ್ ಅಂತ ಬಡ್ಕೊಳ್ಳೋದು. ಇವಳು ಮೊದಲು ಚಪ್ಪಲಿ ಇಟ್ಟು ನೋಡಿದಳು, ತೆಳ್ಳಗಾಯ್ತು. ನನ್ನ ಶೇವಿಂಗ್ ಡಬ್ಬಿ ಇಟ್ಟಳು, ದಪ್ಪ ಆಯ್ತು. ಕೊನೆಗೆ ನನ್ನ ಕೈಯಿಂದ ಪುಸ್ತಕ ತಗೊಂಡು ಸಂದಿಗೆ ತುರುಕಿದಳು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತ್ಕೊಂತು.

"ನಾನು ಓದಬೇಕಲ್ಲೇ."

"ಓದಿ. ಕಿಟಕಿ ತೆಗೀರಿ, ಓದಿ. ಮಗೂಗೆ ನೆಗಡಿ ಆದ್ರೆ ನೀವೇ ನೋಡ್ಕೊಳ್ಳಿ."

ಬೆಳಿಗ್ಗೆ ಹೋಟೆಲಿನ ಭಯ್ಯಾಗೆ ಚಿಲಕ ಹಾಕಿಸಪ್ಪಾ ಅಂತ ಹೇಳಿದೆ. ಅವನು ಬಂದ, ಪುಸ್ತಕ ಅಲ್ಲಾಡಿಸಿ ನೋಡಿದ. "ಗಟ್ಟಿಯಾಗಿದೆಯಲ್ಲ ಸಾಬ್, ಇದಕ್ಕಿಂತ ಒಳ್ಳೇದು ಇನ್ನೇನು ಹಾಕೋದು?"

ನಾಲ್ಕು ದಿನದಲ್ಲಿ ನಾನು ಓದಿದ್ದು ಪುಸ್ತಕದ ಬೆನ್ನ ಮೇಲಿನ ಹೆಸರು. ರೂಮು ಖಾಲಿ ಮಾಡೋ ದಿನ ಪುಸ್ತಕ ಎಳ್ಕೊಂಡಾಗ ಆ ಭಯ್ಯಾ ಮುಖ ಗಂಟು ಹಾಕಿ, "ಇದು ರೂಮಿನ ಸಾಮಾನಲ್ವಾ?" ಅಂದ.

ಡಬ್ಬಿ ಡಬ್ಬಿ

ಆಮೇಲೆ ನನ್ನ ಭಾವಮೈದ ಆಫೀಸ್ ಕೆಲಸದ ಮೇಲೆ ಫಾರಿನ್‌ಗೆ ಹೋದವನು ಒಂದು ಇ-ರೀಡರ್ ತಂದುಕೊಟ್ಟ. ಸ್ಲೇಟಿನ ಹಾಗಿತ್ತು, ತೂಕವೇ ಇಲ್ಲ.

"ಇದರಲ್ಲಿ ಸಾವಿರ ಪುಸ್ತಕ ಹಿಡಿಸುತ್ತೆ ಭಾವ."

"ನನಗೆ ಒಂದು ಹಿಡಿಸಿದ್ರೆ ಸಾಕು" ಅಂದೆ.

ಅದು ಹಿಡಿಸಲಿಲ್ಲ. ಭಾವಮೈದ ಪ್ರಯೋಗಕ್ಕೆ ಅಂತ ಒಂದು ಪುಟ ಕನ್ನಡ ಟೈಪ್ ಮಾಡಿಸಿ ಹಾಕಿದ. ಅಕ್ಷರದ ಬದಲು ಪರದೆ ತುಂಬ ಬರೀ ಡಬ್ಬಿ. ಸಾಲುಸಾಲು ಚೌಕದ ಡಬ್ಬಿ, ಕೊನೆಗೊಂದು ಫುಲ್‌ಸ್ಟಾಪ್.

ಮಗಳು ಎಂಟನೇ ಕ್ಲಾಸು, ದಿಲ್ಲಿಯಲ್ಲೇ ಬೆಳೆದವಳು. ಇಣುಕಿ ನೋಡಿ, "ಪಪ್ಪಾ, ನನಗೆ ಕನ್ನಡ ಬಿಲ್ಕುಲ್ ಹೀಗೇ ಕಾಣ್ಸುತ್ತೆ" ಅಂದಳು.

ಹಿಂದುಗಡೆ ಏನೂ ಇರಲ್ಲ

ದಾರಿ ತೋರಿಸಿದ್ದೂ ಅವಳೇ. "ಪುಟದ ಫೋಟೋ ಹಾಕಿ ಪಪ್ಪಾ. ಫೋಟೋ ತೋ ಕಾಣ್ಸುತ್ತೆ ನಾ?"

ಚಳಿಗಾಲದ ರಜೆಗೆ ಉದಯಪುರದ ಟಿಕೆಟ್ ಆಗಿತ್ತು. ಕಿಟಕಿಗೆ ಇಡೋ ಪುಸ್ತಕ ಸೂಟ್‌ಕೇಸಲ್ಲಿ ಬೇಡ ಅಂತ ಇವಳು ಮೊದಲೇ ಹೇಳಿದ್ದಳು. ರಾಯರ ಹತ್ತಿರ ಮೂರನೇ ಸಲ ಸಹಿ ಹಾಕಿ ಪುಸ್ತಕ ತಂದು, ಆಫೀಸ್ ಎದುರಿನ ಫೋಟೋಕಾಪಿ ಅಂಗಡಿಗೆ ಕೊಟ್ಟೆ. ಪೂರ್ತಿ ಸ್ಕ್ಯಾನ್ ಮಾಡು ಭಯ್ಯಾ ಅಂದೆ. ಎರಡೇ ದಿನಕ್ಕೆ ಮಾಡಿಕೊಟ್ಟ.

ಪುಸ್ತಕ ಅದೇ ವಾರ ವಾಪಸ್ ಮಾಡಿದೆ. ರಾಯರಿಗೆ ಆಶ್ಚರ್ಯ. "ಇಷ್ಟು ಬೇಗ ಮುಗೀತಾ? ಕೊನೇ ಪುಟ ಹೇಗಿತ್ತು?"

ಸ್ಕ್ಯಾನ್ ವಿಷಯ ಹೇಳೋಕೆ ಧೈರ್ಯ ಬರಲಿಲ್ಲ. "ಕಣ್ಣೀರು ಬಂತು ಸರ್" ಅಂದೆ.

ಉದಯಪುರದಲ್ಲಿ ತಾರಸಿ, ಎಳೆ ಬಿಸಿಲು, ಎದುರಿಗೆ ಕೆರೆ. ಇ-ರೀಡರ್ ತೆಗೆದೆ. ಅಕ್ಷರ ಸೊಗಸಾಗಿ ಕಾಣ್ತಿತ್ತು. ಕಥೆ ಮಾತ್ರ ಸ್ವಲ್ಪ ಹಾರ್ತಿತ್ತು. ನಾಯಕಿ ಬಾವಿಕಟ್ಟೆ ಮೇಲೆ ಅಳ್ತಾ ಕೂತಿದ್ದವಳು ಪುಟ ತಿರುಗಿಸೋ ಹೊತ್ತಿಗೆ ಯಾರದೋ ಮದುವೇಲಿ ಹೋಳಿಗೆ ಬಡಿಸ್ತಿದ್ದಳು. ನವ್ಯ ಶೈಲಿ ಇರಬೇಕು ಅಂತ ಸುಮ್ಮನಾದೆ. ಹಿಂದಿನ ಎರಡು ಸಲ ನಾನೇ ಸರಿಯಾಗಿ ಓದಿಲ್ಲ, ಈಗ ಬುದ್ಧಿ ಬಲಿತಿದೆ ಅಂತ ಖುಷಿನೂ ಆಯ್ತು.

ಇವಳು ಹೆಗಲ ಮೇಲಿಂದ ನೋಡಿದಳು. "ಪುಟದ ನಂಬರ್ ನೋಡಿ."

ಎಂಬತ್ತೇಳು. ಎಂಬತ್ತೊಂಬತ್ತು. ತೊಂಬತ್ತೊಂದು.

ಅಂಗಡಿಗೆ ಫೋನ್ ಮಾಡಿದೆ. ಭಯ್ಯಾ ಒಂಚೂರೂ ಗಾಬರಿಯಾಗಲಿಲ್ಲ. "ಎಲ್ಲಾ ಹಾಳೆನೂ ಮಾಡಿದೀನಿ ಸಾಬ್, ಎಣಿಸಿ ನೋಡಿ."

"ಹಾಳೆಯ ಹಿಂದುಗಡೆ?"

"ಹಿಂದುಗಡೆ ಏನು ಸಾಬ್? ಇಪ್ಪತ್ತು ವರ್ಷದಿಂದ ಸರ್ಕಾರಿ ಕಾಗದ ಕಾಪಿ ಮಾಡ್ತಿದೀನಿ. ಹಿಂದುಗಡೆ ಯಾವತ್ತೂ ಏನೂ ಇರಲಿಲ್ಲ."

ಹಟ ಬಂತು. ಅರ್ಧ ಕಥೆ ಓದಿ, ಉಳಿದರ್ಧ ನಾನೇ ಊಹೆ ಮಾಡ್ಕೊಂಡು, ಮೂರು ದಿನದಲ್ಲಿ ಆರುನೂರ ಹನ್ನೊಂದನೇ ಪುಟಕ್ಕೆ ಬಂದೆ. ನಾಯಕಿಗೆ ತಲೆ ನರೆತಿದೆ. ಟ್ರಂಕ್ ತೆಗೆದಳು. ಲಕೋಟೆ ಒಡೆದಳು. ಕಾಗದ ಬಿಡಿಸಿ ಬೆಳಕಿಗೆ ಹಿಡಿದಳು. ಅದರಲ್ಲಿ

ಅಷ್ಟೇ. ಪುಟ ಮುಗೀತು.

"ಯಾಕೆ ಹಾಗೆ ಕೂತಿದೀರಿ? ಬ್ಯಾಟರಿ ಹೋಯ್ತಾ?" ಅಂದಳು ಇವಳು.

"ಬ್ಯಾಟರಿ ಇದೆ. ಅದೊಂದು ಪೂರ್ತಿ ಇದೆ."

ರೆಕಾರ್ಡು

ದಿಲ್ಲಿಗೆ ಬಂದ ಮಾರನೇ ದಿನವೇ ಮಯೂರ್ ವಿಹಾರ್‌ನಿಂದ ಮೆಟ್ರೋ ಹಿಡಿದೆ. ದ್ವಾರಕಾ ಬರೋವರೆಗೂ ನನ್ನ ತಲೇಲಿ ಒಂದೇ, ಆ ಕಾಗದ. ರಾಯರು ಕಾಫಿ ತರ್ತೀನಿ ಅಂತ ಒಳಗೆ ಹೋದರು. ನಾನು ಬೀರುವಿಂದ ಪುಸ್ತಕ ತೆಗೆದೆ. ಆರುನೂರ ಹನ್ನೊಂದು. ಹಾಳೆ ತಿರುಗಿಸಿದೆ.

ಅಲ್ಲಿ ಗೆರೆ ಹಾಕಿದ ಒಂದು ಹಾಳೆ ಅಂಟಿಸಿತ್ತು, ಮೇಲಿಂದ ಕೆಳಗಿನವರೆಗೆ, ಅಂಚೂ ಬಿಡದ ಹಾಗೆ. ತಾರೀಖು, ಹೆಸರು, ಸಹಿ. ಕೊನೇ ಸಾಲಿನಲ್ಲಿ ನನ್ನದೇ ಸಹಿ. ಮೂರು ಸಲ ಅಲ್ಲೇ ಸಹಿ ಹಾಕಿದ್ದೆ. ಅದು ಪುಸ್ತಕದ ರಟ್ಟು ಅಂದ್ಕೊಂಡಿದ್ದೆ.

ರಾಯರು ಕಾಫಿ ತಂದರು. "ಸರ್, ಇದರ ಕೆಳಗೆ ಕಥೆ ಇದೆ" ಅಂದೆ.

ಕನ್ನಡಕ ಹಾಕ್ಕೊಂಡು ನೋಡಿದರು. "ದರಿಯಾಗಂಜಲ್ಲಿ ಬೈಂಡ್ ಮಾಡ್ಸಿದಾಗ ಅವನು ಖಾಲಿ ಹಾಳೆ ಎಲ್ಲಾ ಕತ್ತರಿಸಿಬಿಟ್ಟ. ಸಹಿಗೆ ಜಾಗ ಬೇಕಲ್ಲ, ಕೊನೇ ಹಾಳೆಗೆ ಅಂಟಿಸಿದೆ."

"ಕಿತ್ತು ನೋಡೋಣ್ವಾ?"

"ಛೆ, ಛೆ. ಅದು ರೆಕಾರ್ಡು."

ಕಿಟಕಿ ಹತ್ತಿರ ಹೋಗಿ ಹಾಳೆಯನ್ನ ಬೆಳಕಿಗೆ ಹಿಡಿದೆ, ಕಥೆಯ ನಾಯಕಿ ಹಾಗೇನೇ. "ಮಗಳೇ" ಅಂತ ಒಂದು ಪದ ಕಾಣಿಸ್ತು. ಅಲ್ಲಿಂದ ಮುಂದೆ ಯಾರದೋ ದೊಡ್ಡ ಸಹಿ.

"ಸರ್, ಇದು ಅಂಟಿಸಿ ಎಷ್ಟು ವರ್ಷ ಆಯ್ತು?"

"ಹನ್ನೆರಡು."

"ನೀವು ಓದಿದ್ದು?"

ರಾಯರು ಕಾಫಿ ಲೋಟ ಕೆಳಗಿಟ್ಟರು. "ಅದಾದ ಮೇಲೆ."

"ಕಣ್ಣೀರು ಬರುತ್ತೆ ಅಂದಿದ್ರಿ."

"ನಾನು ಓದೋಕೆ ಮುಂಚೆ ತಗೊಂಡೋರು ಹೇಳಿದ್ರು. ಆಮೇಲೆ ತಗೊಂಡೋರೆಲ್ಲ ಬಂತು ಅಂದ್ರು." ಸಹಿಗಳ ಮೇಲೆ ಬೆರಳಾಡಿಸ್ತಾ ಕೆಳಗೆ ಬಂದರು. ನನ್ನ ಸಹಿ ಹತ್ತಿರ ಬೆರಳು ನಿಂತಿತು. "ನೀವೂ ಬಂತು ಅಂದ್ರಿ."

ಇಬ್ಬರೂ ಕಾಫಿ ಕುಡಿದೆವು.

ಬೆಲ್ ಆಯ್ತು. ಕೆಳಗಿನ ಫ್ಲ್ಯಾಟಿನ ಕನ್ನಡದ ಮೇಡಂ. "ರಾಯರೇ, ನಾಳೆ ಗೋವಾಗೆ ಹೊರಟಿದೀವಿ. ಬೀಚಲ್ಲಿ ಕೂತು ಓದೋಕೆ ಒಂದು ದಪ್ಪ ಪುಸ್ತಕ ಕೊಡಿ." ನನ್ನ ಕೈಯಲ್ಲಿದ್ದದ್ದನ್ನ ನೋಡಿದರು. "ಇದು ಹೇಗಿದೆ?"

ರಾಯರು ನನ್ನ ಮುಖ ನೋಡಿದರು. ನಾನು ರಾಯರ ಮುಖ ನೋಡಿದೆ.

"ತಗೊಳ್ಳಿ ಮೇಡಂ" ಅಂದೆ. "ಕೊನೇ ಪುಟದಲ್ಲಿ ಕಣ್ಣೀರು ಬರುತ್ತೆ."

ರಾಯರು ಪೆನ್ನು ಕೊಟ್ಟರು. ಮೇಡಂ ಕೊನೇ ಪುಟ ತೆಗೆದು, ನನ್ನ ಹೆಸರಿನ ಕೆಳಗೆ ಸಹಿ ಹಾಕ್ತಾ ಕೇಳಿದರು, "ಹೌದಾ, ನಿಮಗೂ ಬಂತಾ?"

"ಹೂಂ ಮೇಡಂ" ಅಂದೆ. "ಈಗ ತಾನೇ ಬಂತು."