ಚಾರ್ಜ್ ತೆಗೆದುಕೊಳ್ಳುವವರು ಬೇಕಾಗಿದ್ದಾರೆ

ಆಗಸ್ಟ್ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಆರು ಗಂಟೆ. ಸ್ಥಳ, ಹೊನ್ನಾವರದ ನನ್ನ ಬಾಡಿಗೆ ಮನೆಯ ಅಡುಗೆಕೋಣೆ. ಹಾಜರಿದ್ದವರು, ನಾನೊಬ್ಬಳೇ. ಹೀಗೆ ಶುರುಮಾಡದಿದ್ದರೆ ನನಗೆ ಬರೆಯಲು ಕೈ ಓಡುವುದಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿ, ವಾರ್ಡಿನ ಹಿರಿಯ ಸಿಸ್ಟರ್ ಆಗಿ ನಿವೃತ್ತಳಾದವಳು ನಾನು. ಒಂಟಿಯಾಗಿರುವವರು ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುತ್ತಾರೆಂದು ಜನ ಹೇಳುತ್ತಾರೆ. ನನಗೆ ಆ ಅಭ್ಯಾಸವಿಲ್ಲ. ನನಗಿರುವುದು ಚಾರ್ಜ್ ಕೊಡುವ ಅಭ್ಯಾಸ, ಅದಕ್ಕಾದರೋ ಎದುರಿಗೆ ಇನ್ನೊಬ್ಬರು ಬೇಕು.

ಆಸ್ಪತ್ರೆ ಕಾಣದವರಿಗಾಗಿ ಹೇಳುತ್ತೇನೆ. ಪಾಳಿ ಮುಗಿದ ತಕ್ಷಣ ನರ್ಸ್ ಚೀಲ ಹೆಗಲಿಗೇರಿಸಿ ಹೊರಡುವಂತಿಲ್ಲ. ಮುಂದಿನ ಪಾಳಿಯವಳನ್ನು ಕರೆದುಕೊಂಡು ಒಂದೊಂದೇ ಮಂಚದ ಬಳಿ ನಿಂತು, ಇವರಿಗೆ ಜ್ವರ ಇಳಿದಿದೆ, ಇವರು ಬೆಳಗಿನಿಂದ ನೀರು ಕುಡಿದಿಲ್ಲ, ಇವರಿಗಿಂತ ಇವರ ಭಾವನ ಮೇಲೆ ಹೆಚ್ಚು ಕಣ್ಣಿಡಬೇಕು ಎಂದು ಹೇಳಿ ಒಪ್ಪಿಸಬೇಕು. ಆಮೇಲೆಯೇ ಮನೆ. ನಿವೃತ್ತಳಾದ ಮೇಲೆ ನನಗೆ ಕಷ್ಟವಾದದ್ದು ಬಿಡುವಲ್ಲ. ಸಂಜೆಯಾಗುತ್ತಿತ್ತು, ದಿನ ಮುಗಿಯುತ್ತಿತ್ತು, ಅದನ್ನು ಒಪ್ಪಿಸಿಕೊಳ್ಳಲು ಯಾರೂ ಬರುತ್ತಿರಲಿಲ್ಲ. ಒಪ್ಪಿಸದ ದಿನ ಮುಗಿದ ಹಾಗೆ ಅನಿಸುವುದಿಲ್ಲ. ಹಾಸಿಗೆಯಲ್ಲಿ ಮಲಗಿದರೂ ಪಾಳಿಯಲ್ಲೇ ಇದ್ದೇನೆ ಎನಿಸುತ್ತಿತ್ತು.

ಹೀಗಿರುವಾಗ ವಿಶ್ವವಿದ್ಯಾಲಯವೊಂದು ಮನೆಯಲ್ಲೇ ಓದುವವರಿಗಾಗಿ ಎಂ.ಎ. ನಡೆಸುತ್ತದೆ ಎಂದು ಗೊತ್ತಾಯಿತು. ಮುಖ್ಯ ವಿಷಯ ಇತಿಹಾಸ, ಜೊತೆಗೆ ದೇವತಾಶಾಸ್ತ್ರ, ತತ್ತ್ವಶಾಸ್ತ್ರ, ನೀತಿಶಾಸ್ತ್ರ. ಭಾನುವಾರಗಳಂದು ಕುಮಟೆಯ ಕಾಲೇಜೊಂದರಲ್ಲಿ ಪಾಠ. ಸೇರಿಬಿಟ್ಟೆ. ಕುಮಟೆಯಲ್ಲೇ ಇರುವ ನನ್ನ ತಮ್ಮ ಫೋನಿನಲ್ಲಿ, "ಅಕ್ಕಾ, ಈ ವಯಸ್ಸಲ್ಲಿ ಇದನ್ನೆಲ್ಲ ಓದಿ ಎಂತ ಮಾಡುದು?" ಎಂದ. ಜನ ಹೇಗೆ ಸಾಯುತ್ತಾರೆಂದು ಇಷ್ಟು ವರ್ಷ ನೋಡಿದ್ದೇನೆ, ಅಲ್ಲಿಯವರೆಗೆ ಏನು ಯೋಚಿಸಿಕೊಂಡಿದ್ದರು ಎಂದು ಈಗ ನೋಡುತ್ತೇನೆ ಎಂದೆ. ಅವನು ಮಾತು ಬದಲಿಸಿ ನನ್ನ ಬಿ.ಪಿ. ಎಷ್ಟಿದೆ ಎಂದು ಕೇಳಿದ.

ನಾಲ್ಕು ವಿಷಯಗಳೂ ನನಗೆ ನಾಲ್ಕು ವಾರ್ಡುಗಳ ಹಾಗೆ ಕಂಡವು. ಇತಿಹಾಸ ಜನರಲ್ ವಾರ್ಡು. ಯಾವಾಗಲೂ ಗದ್ದಲ, ರೋಗಿಗಿಂತ ನೆಂಟರೇ ಹೆಚ್ಚು ಮಾತಾಡುತ್ತಾರೆ, ಜ್ವರ ಮೊದಲು ಬಂದದ್ದು ಯಾವಾಗ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ದೇವತಾಶಾಸ್ತ್ರ ಐ.ಸಿ.ಯು., ಚಪ್ಪಲಿ ಹೊರಗೆ ಬಿಟ್ಟು, ದನಿ ತಗ್ಗಿಸಿ ಒಳಗೆ ಹೋಗಬೇಕು. ತತ್ತ್ವಶಾಸ್ತ್ರ ಹೊರರೋಗಿಗಳ ವಿಭಾಗ. ನೋವಿದೆ ಎನ್ನುತ್ತಾರೆ, ಎಲ್ಲಿ ಎಂದರೆ ಕೈಯಿಟ್ಟು ತೋರಿಸಲಾರರು. ನೀತಿಶಾಸ್ತ್ರ ಮಾತ್ರ ಕ್ಯಾಶುವಾಲಿಟಿ, ಕ್ಷಣದಲ್ಲಿ ತೀರ್ಮಾನವಾಗಬೇಕು. ಆದರೆ ಪುಸ್ತಕದಲ್ಲಿ ಒಬ್ಬನನ್ನು ನೀರಿನಿಂದ ಎತ್ತಬೇಕೋ ಬೇಡವೋ ಎಂದು ಅಧ್ಯಾಯದುದ್ದಕ್ಕೂ ಚರ್ಚೆ ನಡೆಯುತ್ತದೆ. ನೀರಿನಲ್ಲಿದ್ದವನ ಗತಿ ಏನಾಯಿತೆಂದು ಯಾರೂ ಬರೆದಿಲ್ಲ.

ಓದಿದ್ದಾಯಿತು. ಇದರ ಚಾರ್ಜ್ ಯಾರಿಗೆ ಕೊಡುವುದು? ಮೊದಲು ಸಿಕ್ಕವರು ಪಕ್ಕದ ಮನೆಯ ಶಾಂತಕ್ಕ. ಕೊಂಕಣಿ ಮನೆಮಾತಿನ ಹೆಂಗಸು, ಬಹಳ ಒಳ್ಳೆಯವರು. ಅವರು ಬಟ್ಟೆ ಒಣಹಾಕಲು ಅಂಗಳಕ್ಕೆ ಬಂದಾಗ ನಾನು ಬೇಲಿಯ ಈಚೆ ನಿಂತು, ದೇವರಿದ್ದಾನೆ ಎನ್ನಲು ಇರುವ ವಾದಗಳನ್ನು ಕ್ರಮವಾಗಿ ಒಪ್ಪಿಸಿದೆ. ಪೂರ್ತಿ ಕೇಳಿಸಿಕೊಂಡು, "ಹೌದನ ಸಿಸ್ಟರ್? ಆಸ್ರಿಗೆ ಆತಾ?" ಎಂದು ಚಹಾದ ವಿಚಾರ ಕೇಳಿದರು. ಮರುದಿನ ದೇವರಿಲ್ಲ ಎನ್ನುವವರ ವಾದವನ್ನೂ ಒಪ್ಪಿಸಿದೆ. ಒಂದೇ ಪಕ್ಷದವರದನ್ನು ಹೇಳಿ ಬಿಡುವುದು ನ್ಯಾಯವಲ್ಲ. ಆ ವಾರವೇ ಅವರು ಬಟ್ಟೆಯ ತಂತಿಯನ್ನು ಹಿತ್ತಲಿಗೆ ಕಟ್ಟಿಸಿದರು. ಅಲ್ಲಿ ಬಿಸಿಲು ಜಾಸ್ತಿಯಂತೆ. ಮಳೆಗಾಲದಲ್ಲಿ.

ಆಮೇಲೆ ದೇವರು ಕಳಿಸಿದ ಹಾಗೆ ಸಿಕ್ಕವಳು ಫರೀದಾ. ದೇವರ ವಿಷಯ ಪರೀಕ್ಷೆ ಮುಗಿಯುವವರೆಗೆ ಇತ್ಯರ್ಥವಾಗುವುದಿಲ್ಲ, ಆದರೂ ಹಾಗೆ ಅನ್ನುತ್ತೇನೆ. ಭಟ್ಕಳದವಳು, ಮನೆಯಲ್ಲೇ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಾಳೆ, ನನಗಿಂತ ಹದಿನೈದು ವರ್ಷವಾದರೂ ಚಿಕ್ಕವಳು. ಮನೆಯವರ ಜೊತೆ ನವಾಯತಿ, ನನ್ನ ಜೊತೆ ಕನ್ನಡ. ನಮ್ಮ ಜೊತೆ ಸೇರಿದ ಉಳಿದವರು ಒಬ್ಬೊಬ್ಬರಾಗಿ ಬಿಟ್ಟುಹೋಗಿ ಭಾನುವಾರದ ತರಗತಿಯಲ್ಲಿ ಉಳಿದವರು ನಾವಿಬ್ಬರೇ. ಭಟ್ಕಳದಿಂದ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಕರ್ಚೀಪು ಹಾಸಿ ನನಗಾಗಿ ಜಾಗ ಹಿಡಿದಿರುತ್ತಿದ್ದಳು. ಹೊನ್ನಾವರದಲ್ಲಿ ಹತ್ತಿ ಕೂತದ್ದೇ ವಾರದ ಓದನ್ನೆಲ್ಲ ಚಾರ್ಜ್ ಕೊಡಲು ಶುರುಮಾಡುತ್ತಿದ್ದೆ. ಧಾರೇಶ್ವರ ಬರುವಷ್ಟರಲ್ಲಿ ಮುಖ್ಯವಾದದ್ದು ಮುಗಿಯುತ್ತಿತ್ತು, ಅಲ್ಲಿಂದ ಕುಮಟೆಯವರೆಗೆ ಉಳಿದ ಸಣ್ಣಪುಟ್ಟದ್ದು. ನಡುನಡುವೆ "ಅರ್ಥ ಆಯ್ತಾ?" ಎಂದು ಕೇಳುತ್ತಿದ್ದೆ. ಅವಳು ಮಡಿಲಲ್ಲಿ ಚೀಲ ಹಿಡಿದುಕೊಂಡು "ಹ್ಞೂಂ" ಎನ್ನುತ್ತಿದ್ದಳು. ಇವಳು ನರ್ಸ್ ಆಗಬೇಕಿತ್ತು ಎಂದುಕೊಳ್ಳುತ್ತಿದ್ದೆ. ಭಾನುವಾರ ರಾತ್ರಿ ನನಗೆ ಒಳ್ಳೆಯ ನಿದ್ದೆ ಬರುತ್ತಿತ್ತು.

ಆಗಸ್ಟಿನ ಆ ಮೊದಲ ಭಾನುವಾರ ಬಸ್ಸು ಬಂತು, ಕರ್ಚೀಪು ಇರಲಿಲ್ಲ. ಅವಳು ಕೂರುವ ಜಾಗದಲ್ಲಿ ಯಾರೋ ಒಬ್ಬರು ಒದ್ದೆ ಕೊಡೆ ಇಟ್ಟುಕೊಂಡು ನಿದ್ದೆ ಹೋಗಿದ್ದರು. ಕುಮಟೆಯವರೆಗೂ ನಿಂತೇ ಹೋದೆ. ನಿಲ್ಲುವುದು ನನಗೆ ಹೊಸದಲ್ಲ. ಒಂದು ವಾರದ ಓದನ್ನು ತಲೆಯಲ್ಲಿ ಹೊತ್ತು ಬಾಯಿ ಮುಚ್ಚಿ ನಿಲ್ಲುವುದು ಹೊಸದು. ತರಗತಿಯಲ್ಲಿ ಅಷ್ಟೂ ಬೆಂಚುಗಳಿಗೆ ನಾನೊಬ್ಬಳು. ಪಾಠ ಮಾಡುವ ಮೇಷ್ಟ್ರು ಚಿಕ್ಕ ವಯಸ್ಸಿನವರು, ಆದರೂ ಕ್ರಮ ಬಿಡುವವರಲ್ಲ. ಹಾಜರಿ ಕೂಗಿದರು. ಎದ್ದು ನಿಂತು "ಹಾಜರ್, ಸರ್" ಎಂದೆ. ಆಮೇಲೆ, ಫರೀದಾ ಮೇಡಂ ಇನ್ನು ಮೇಲೆ ಮನೆಯಲ್ಲೇ ಓದಿಕೊಂಡು ಪರೀಕ್ಷೆ ಬರೆಯುತ್ತೇನೆಂದು ಆಫೀಸಿಗೆ ಹೇಳಿದ್ದಾರೆ, ನಿಮಗೆ ಹೇಳಲಿಲ್ಲವೇ ಎಂದು ಕೇಳಿದರು. ಮನುಷ್ಯನಿಗೆ ಆಯ್ಕೆಯ ಸ್ವಾತಂತ್ರ್ಯ ಇದೆಯೇ ಎಂಬುದು ಅಂದಿನ ಪಾಠ. ಫರೀದಾಳಿಗೆ ಇದ್ದಂತಿತ್ತು.

ಸಂಜೆ ಮನೆಗೆ ಬಂದು ಗಂಜಿಗೆ ಇಟ್ಟೆ. ಫೋನು ಮಾಡಬೇಕೋ ಬೇಡವೋ ಎಂದು, ನೀತಿಶಾಸ್ತ್ರದವರು ಮಾಡುವಷ್ಟೇ ಹೊತ್ತು ವಿಚಾರ ಮಾಡಿ, ಕೊನೆಗೆ ಮಾಡಿದೆ. ಮೈ ಹುಷಾರಿಲ್ಲವೇ ಎಂದು ಕೇಳಿದೆ. ಹುಷಾರಾಗಿದ್ದೇನೆ ಎಂದಳು. ಮನೆಯಲ್ಲಿ ಏನಾದರೂ ಹೇಳಿದರೇ ಎಂದೆ. ಇಲ್ಲ, ಅವರೇ ಬಸ್ ಸ್ಟ್ಯಾಂಡಿನವರೆಗೆ ಬಿಡುತ್ತಾರೆ ಎಂದಳು.

"ಸಿಸ್ಟರ್, ನೀವು ಬೇಜಾರ ಮಾಡ್ಕಳ್ಬಾರ್ದು," ಎಂದಳು. "ಭಟ್ಕಳದಿಂದ ಹೊನ್ನಾವರದವರೆಗೆ ನಾನು ಒಬ್ಳೇ ಕೂತು, ಓದಿದ್ದನ್ನ ಮನಸ್ಸಲ್ಲೇ ಜೋಡಿಸ್ಕೊಂಡು ಬರ್ತೆ, ನಿಮಗೆ ಹೇಳ್ಬೇಕು ಅಂತ. ಹೊನ್ನಾವರದಲ್ಲಿ ನೀವು ಹತ್ತಿ ಶುರು ಮಾಡ್ತೀರಿ. ಧಾರೇಶ್ವರ ಆದ್ಮೇಲೆ ಹೇಳುವ ಅಂತ ಇಟ್ಕೊಂಡಿರ್ತೆ. ಅಷ್ಟರಲ್ಲಿ ಕುಮಟೆ ಬರ್ತದೆ, ಇಳೀಬೇಕಾಗ್ತದೆ. ನಮ್ಮನೇಲೂ ಇದನ್ನ ಕೇಳುವವ್ರು ಯಾರೂ ಇಲ್ಲ, ಸಿಸ್ಟರ್."

ವಾರ್ಡಿನ ನಿಯಮ ನನಗೆ ನೆನಪಾಯಿತು. ಕೊಡುವವಳು ಹೇಳಿದರಷ್ಟೇ ಸಾಲದು. ತೆಗೆದುಕೊಳ್ಳುವವಳು ಪ್ರಶ್ನೆ ಕೇಳಬೇಕು, ತಾನು ಕಂಡದ್ದನ್ನು ಹೇಳಬೇಕು, ಕೊಟ್ಟವಳು ನಿಂತು ಕೇಳಬೇಕು. ಹೊಸ ಹುಡುಗಿಯರಿಗೆ ಇದನ್ನು ಕಲಿಸುತ್ತಿದ್ದವಳೇ ನಾನು. ಆ ಲೆಕ್ಕದಲ್ಲಿ ಬಸ್ಸಿನಲ್ಲಿ ನಾನು ಇಷ್ಟು ತಿಂಗಳು ಕೊಟ್ಟ ಚಾರ್ಜುಗಳಲ್ಲಿ ಒಂದೂ ಚಾರ್ಜ್ ಅಲ್ಲ.

"ಈಗ ಹೇಳಿ ಫರೀದಾ," ಎಂದೆ. "ನಾನು ತಗೊಳ್ತೇನೆ." ಚಾರ್ಜ್ ತೆಗೆದುಕೊಳ್ಳುವಾಗ ಕೂರುವ ಪದ್ಧತಿಯಿಲ್ಲ, ಎದ್ದು ನಿಂತೆ.

ಅವಳು ನೀತಿಶಾಸ್ತ್ರದ ಮುಳುಗುವ ದೋಣಿಯಿಂದ ಶುರುಮಾಡಿದಳು. ಜನ ಹೆಚ್ಚಾಗಿದ್ದಾರೆ, ಯಾರನ್ನು ಇಳಿಸುವುದು ಎಂಬ ಪ್ರಶ್ನೆ. ಕ್ಯಾಶುವಾಲಿಟಿಯ ಅನುಭವವನ್ನೆಲ್ಲ ಸೇರಿಸಿ ನಾನು ಅದಕ್ಕೆ ಹಿಂದೊಂದು ಭಾನುವಾರ, ಬಸ್ಸು ಹಳದೀಪುರಕ್ಕೆ ಬರುವಷ್ಟರಲ್ಲೇ ಉತ್ತರ ಕೊಟ್ಟು ಮುಗಿಸಿದ್ದೆ. "ಯಾರನ್ನ ಇಳಿಸುದು ಅಂತ ಆಮೇಲೆ ನೋಡುವ ಸಿಸ್ಟರ್," ಎಂದಳು ಅವಳು. "ಅಷ್ಟು ಜನರನ್ನ ಹತ್ತಿಸಿದ್ದು ಯಾರು? ದಡದಲ್ಲಿ ಎಂತ ಆಗಿತ್ತು, ಎಲ್ರೂ ಒಂದೇ ದೋಣಿಗೆ ಓಡಿ ಬರುವಷ್ಟು? ಅದನ್ನ ಯಾರೂ ಬರೀಲಿಲ್ಲ. ಇತಿಹಾಸ ಮತ್ತೆ ಎಂತಕ್ಕೆ ಇರುದು?" ಹಾಗೇ ಮುಂದುವರಿದಳು. ನನಗೆ ನಡುವೆ ಹೇಳುವುದು ಬಹಳ ಇತ್ತು. ತುಟಿ ಕಚ್ಚಿಕೊಂಡು ನಿಂತೆ. ಇಂಜೆಕ್ಷನ್ ಚುಚ್ಚಿಸಿಕೊಳ್ಳುವವರ ಕಷ್ಟ ನನಗೆ ಅಂದು ಗೊತ್ತಾಯಿತು. ಗಂಜಿ ತಳ ಹಿಡಿಯುವ ವಾಸನೆ ಬರತೊಡಗಿತು. ಒಲೆಯ ಕಡೆ ಹೋಗಲಿಲ್ಲ.

ಕೊನೆಗೆ, ಮುಂದಿನ ಭಾನುವಾರ ಕರ್ಚೀಪು ಹಾಕುತ್ತೇನೆ, ಆದರೆ ಧಾರೇಶ್ವರದವರೆಗೆ ಮಾತು ನನ್ನದು ಎಂದಳು. ಆಗಲಿ ಎಂದೆ. ಮತ್ತೆ ತತ್ತ್ವಶಾಸ್ತ್ರಕ್ಕೆ ಹೋದಳು. ಅರ್ಧ ನನ್ನ ತಲೆಗೆ ಹತ್ತಲಿಲ್ಲ, ಉಳಿದರ್ಧ ಅವಳು ಹೇಳುವಾಗ ಒಲೆ ಆರಿಸಲು ಓಡಿದ್ದೆ.

"ಅರ್ಥ ಆಯ್ತಾ, ಸಿಸ್ಟರ್?" ಎಂದು ಕೇಳಿದಳು.

"ಹ್ಞೂಂ," ಎಂದೆ.

ಆಮೇಲೆ ಮೇಲಿನ ಗಂಜಿ ಉಂಡು, ತಳ ಹಿಡಿದ ಪಾತ್ರೆಯನ್ನು ತಿಕ್ಕಿ ಕವುಚಿಟ್ಟೆ.