ಜಪಾನಿನ ಮಷೀನಿಗೆ ಹಂಗಳದ ಕರೆಂಟು

ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಹಿಂದೆ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ಅಂಗಡಿ ಇಟ್ಟುಕೊಂಡವನಿಗೆ ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಶೆಟರ್ ಎತ್ತಿದರೆ ಸಾಕು, ಯಾರಾದರೊಬ್ಬರು ಏನನ್ನಾದರೂ ಸುಟ್ಟುಕೊಂಡು ಬಂದು ನಿಂತಿರುತ್ತಾರೆ. ತಾವೇ ಸುಟ್ಟೆವು ಎಂದು ಒಪ್ಪಿದವರನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಸುಮ್ಮನೆ ಇಟ್ಟಿದ್ದೆವು, ಅದೇ ಹೊಗೆ ಬಿಟ್ಟಿತು ಎನ್ನುತ್ತಾರೆ. ನಾನು ಮುಚ್ಚಿದ ಮೇಲೆ ಈಗ ಆ ಅಂಗಡಿಯಲ್ಲಿ ಮೊಬೈಲಿನ ಕವರು ಮಾರುತ್ತಾರೆ. ಕೆಟ್ಟದ್ದನ್ನು ರಿಪೇರಿ ಮಾಡಿಸುವ ಕಾಲವೇ ಹೋಯಿತು. ಆ ಕಡೆ ಹೋದಾಗಲೆಲ್ಲ ಸುತ್ತಿದ ತಂತಿಗೆ ಬಳಿಯುವ ವಾರ್ನಿಷ್ ವಾಸನೆಗೆ ಮೂಗು ಹುಡುಕಾಡುತ್ತದೆ, ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮನೆಯವಳ ಹತ್ತಿರ ಹೇಳಿದರೆ ಹೊಟ್ಟೆಸಂಕಟಕ್ಕೆ ಜೀರಿಗೆ ಕಷಾಯ ಕುಡಿಯಿರಿ ಎನ್ನುತ್ತಾಳೆ.

ಸೌದಿಯ ಮಿಕ್ಸಿ

ನಮ್ಮ ಪೇಟೆಗೆ ಕೇರಳ ಹತ್ತಿರ. ಗಡಿಯಾಚೆಯವರು ಗಲ್ಫಿನಿಂದ ತಂದ ಸಾಮಾನು ಬಾಳೆ ಲಾರಿಗಳಲ್ಲಿ ನಮ್ಮ ಕಡೆಗೂ ಬರುತ್ತಿತ್ತು. ಹಾಗೆ ಬಂದ ಒಂದು ಸೌದಿ ಮಿಕ್ಸಿಯನ್ನು ಟೀಚರಮ್ಮ ಒಬ್ಬರು ಕೊಂಡರು. ಅಲ್ಲಿಯ ಕೆಲವು ಊರುಗಳಲ್ಲಿ ಕರೆಂಟು ನಮ್ಮದರ ಅರ್ಧವಂತೆ, ಮಿಕ್ಸಿಯೂ ಆ ಅರ್ಧಕ್ಕೇ ಮಾಡಿದ್ದು. ಅದು ಗೊತ್ತಿಲ್ಲದೆ ನೇರವಾಗಿ ಗೋಡೆಗೆ ಚುಚ್ಚಿದ್ದಾರೆ. ಮಿಕ್ಸಿ ವಿಮಾನದ ಹಾಗೆ ಸದ್ದು ಮಾಡಿ, ಮುಚ್ಚಳ ಹಾರಿ, ಕಾಯಿ ಚಟ್ನಿ ಸೂರಿಗೆ ಹೋಗಿ ಅಂಟಿಕೊಂಡಿದೆ. ಆಮೇಲೆ ಹೊಗೆ.

ನಾನು ಅದನ್ನು ಬಿಚ್ಚಿ, ಒಳಗಿನ ತಂತಿಯೆಲ್ಲ ಇದ್ದಿಲಾಗಿದ್ದನ್ನು ತೋರಿಸಿ, ಹೊಸದಾಗಿ ನಮ್ಮ ಕರೆಂಟಿಗೆ ಸರಿಯಾಗಿ ಸುತ್ತಿಕೊಟ್ಟೆ. ವಾರ ಕಳೆದ ಮೇಲೆ ಟೀಚರಮ್ಮ ವಾಪಸು ಬಂದರು. ಕೆಲಸವೇನೋ ಮಾಡುತ್ತದೆ, ಆದರೆ ಮೊದಲ ದಿನದ ಆ ಸ್ಪೀಡು ಇಲ್ಲ, ನೀವು ಒಳಗಿನ ಒಳ್ಳೇ ಸಾಮಾನು ತೆಗೆದುಕೊಂಡಿದ್ದೀರಿ ಎಂದು ಬೀದಿಯಲ್ಲೇ ಜಗಳಕ್ಕೆ ನಿಂತರು.

ಸಂಜೆ ಕರೆಂಟು

ಅಂಗಡಿ ಮುಚ್ಚುವ ಮುಂಚಿನ ವರ್ಷ ಹಂಗಳದ ಹೋಂಸ್ಟೇ ಯಜಮಾನ ಬಂದ. ಬಂಡೀಪುರಕ್ಕೆ ಹೋಗುವ ಟೂರಿಸ್ಟುಗಳಿಗೆ ಮನೆಯ ಮುಂದಿನ ಭಾಗ ಬಿಟ್ಟುಕೊಟ್ಟು, ಹಿಂದಿನ ಭಾಗದಲ್ಲಿ ಹೆಂಡತಿಯೊಂದಿಗೆ ಇದ್ದವನು. ಅವನ ಗೂಡ್ಸ್ ಆಟೋದಲ್ಲಿ ಬಾಳೆಗೊನೆಗಳ ನಡುವೆ ಬಣ್ಣಬಣ್ಣದ ಒಂದು ಪೆಟ್ಟಿಗೆ ನಿಂತಿತ್ತು. ಪಕ್ಕದಲ್ಲಿ ಒಂದು ಹಿಡಿ, ಮುಂದೆ ಗಾಜಿನ ಹಿಂದೆ ಹಣ್ಣುಗಳ ಚಿತ್ರ ಬಿಡಿಸಿದ ಮೂರು ಚಕ್ರ. ಬಿಲ್ಲೆ ಹಾಕಿ ಹಿಡಿ ಎಳೆದರೆ ಚಕ್ರ ತಿರುಗುತ್ತದೆ, ಮೂರರಲ್ಲೂ ಒಂದೇ ಚಿತ್ರ ಬಂದು ನಿಂತರೆ ಬಿಲ್ಲೆಗಳು ಸುರಿಯುತ್ತವೆ. ಜಪಾನಿನ ಮಾಲು, ಕೋಳಿಕ್ಕೋಡಿನಲ್ಲಿ ಮುಚ್ಚಿಹೋದ ಯಾವುದೋ ಹೋಟೆಲಿನದು.

ಜೂಜಿನ ಕೇಸು ಬೀಳುತ್ತದೆ ಕಣಪ್ಪ ಎಂದೆ. ದುಡ್ಡಿನ ಆಟವಲ್ಲ, ಟೂರಿಸ್ಟುಗಳ ಮಕ್ಕಳು ತಗಡಿನ ಬಿಲ್ಲೆ ಹಾಕಿ ಆಡಿಕೊಳ್ಳಲಿ ಅಂತ ತಂದದ್ದು ಎಂದ. ಅವನ ಕಷ್ಟ ಬೇರೆ ಇತ್ತು. ಈ ಡಬ್ಬ ಕಂಡು ಊರೆಲ್ಲ ನಕ್ಕಿತ್ತು. ಹೆಂಡತಿ ಮಾತ್ರ ನಗಲಿಲ್ಲ, ವಾಯಿದೆ ಹಾಕಿದ್ದಳು. ಆಯುಧಪೂಜೆ ದಿನ ಓಡುವ ಮಷೀನಿಗೆ ಮಾತ್ರ ಪೂಜೆ, ಓಡದಿದ್ದರೆ ಗುಜರಿಗೆ, ಆ ಜಾಗದಲ್ಲಿ ತನ್ನ ಹೊಲಿಗೆ ಮಷೀನು.

"ಆಟ ಓಗ್ಲಿ ಅಣ್ಣ, ಅವ್ಳ ಮುಂದೆ ನನ್ ಮಾನ ಉಳಿಸ್ಕೊಡು" ಎಂದ. ಪಾಪ ಅನ್ನಿಸಿತು.

ಹಿಂದಿನ ತಗಡು ಓದಿದೆ. ನೂರು ವೋಲ್ಟು. ನಮ್ಮದು ಇನ್ನೂರ ಮೂವತ್ತು. ಪ್ಲಗ್ಗು ಕತ್ತರಿಸಿ ನಮ್ಮ ಪ್ಲಗ್ಗು ಹಾಕಿಬಿಡು ಎಂದವನಿಗೆ, ಹಾಗೆ ಮಾಡಿದರೆ ಜಪಾನು ಒಂದು ನಿಮಿಷ ಬೆಳಗಿ ಆರಿಹೋಗುತ್ತದೆ ಎಂದು ಬಿಡಿಸಿ ಹೇಳಿದೆ. ಅವನ ಮುಖ ಅರಳಿತು.

"ಅಂಗಾದ್ರೆ ಯೋಚ್ನೆನೇ ಇಲ್ಲ ಕಣಣ್ಣ. ಸಂಜೆ ಎಲ್ರೂ ಪಂಪ್‌ಸೆಟ್ ಆನ್ ಮಾಡ್ತಾರಲ್ಲ, ಆಗ ನಮ್ಮೂರ್ಗೆ ನೂರೇ ಬರೋದು. ಜಪಾನ್ನೋರು ನಮ್ ಹಂಗಳ ನೋಡೇ ಮಾಡವ್ರೆ."

ಉಪ್ಪು, ಇದ್ದಿಲು, ತಾಮ್ರ

ಪಂಪು ನಿಂತ ತಕ್ಷಣ ಕರೆಂಟು ಎಗರುತ್ತದೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಅವನು ಫ್ರಿಜ್ಜಿನ ಸ್ಟೆಬಿಲೈಜರು ಕೊಂಡು ತಂದಿದ್ದ. ಅದು ಕರೆಂಟನ್ನು ಇನ್ನೂರ ಮೂವತ್ತರಲ್ಲಿ ಹಿಡಿದು ನಿಲ್ಲಿಸುತ್ತದೆ, ನೂರಕ್ಕೆ ಇಳಿಸುವುದಿಲ್ಲ. ಕೊನೆಗೆ ಚಾಮರಾಜನಗರಕ್ಕೆ ಹೋಗಿ ಕಬ್ಬಿಣದ ಪಟ್ಟಿ ತಂದು, ಕರೆಂಟನ್ನು ನೂರಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರನ್ನು ನಾನೇ ಸುತ್ತಿದೆ. ಕೈಯಾರೆ ಸುತ್ತಿದ ಕೊನೆಯ ದೊಡ್ಡ ಕೆಲಸ ಅದು. ಈಗಲೂ ನೆನೆದರೆ ಬೆರಳಿಗೆ ಆ ತಂತಿಯ ಬಿಗಿ ತಿಳಿಯುತ್ತದೆ, ಖುಷಿಯಾಗುತ್ತದೆ.

ಅಷ್ಟು ದೊಡ್ಡ ತಗಡಿನ ಪೆಟ್ಟಿಗೆಯನ್ನು ಮಕ್ಕಳು ಮುಟ್ಟುವುದೆಂದರೆ ಅರ್ಥಿಂಗ್ ಇರಲೇಬೇಕು. ಹಂಗಳದ ಆ ಮನೆಯಲ್ಲಿ ಅದು ಹೆಸರಿಗೂ ಇರಲಿಲ್ಲ. ನನಗೆ ಬಿಡುವು ಸಿಕ್ಕಿದ್ದು ಮಹಾಲಯ ಅಮಾವಾಸ್ಯೆ ದಿನ. ಮನೆಯ ಮೂಲೆಯಲ್ಲಿ ಗುಂಡಿ ತೋಡಿ, ತಾಮ್ರದ ತಗಡು ಇಳಿಸಿ, ಉಪ್ಪು ಹಾಕಿ, ಇದ್ದಿಲು ಹಾಕಿ, ನೀರು ಹೊಯ್ದು ಮಣ್ಣು ಮುಚ್ಚಿದೆವು. ನೆಲದೊಳಗೆ ಕರೆಂಟು ಸುಲಭವಾಗಿ ಇಳಿಯಲಿ ಎಂದು ಎಲ್ಲ ಕಡೆಯೂ ಹೀಗೇ ಮಾಡುವುದು. ನಮ್ಮ ಜಿಲ್ಲೆಯಲ್ಲಿ ಅಮಾವಾಸ್ಯೆ ದಿನ ಮನೆಮೂಲೆಯಲ್ಲಿ ತಾಮ್ರ ಹೂಳುವವರನ್ನು ಜನ ಎಲೆಕ್ಟ್ರಿಷಿಯನ್ ಎಂದುಕೊಳ್ಳುವುದಿಲ್ಲ ಎಂಬುದು ಮಾತ್ರ ನನ್ನ ತಲೆಗೆ ಹೊಳೆಯಲಿಲ್ಲ.

ಪಕ್ಕದ ಮನೆಯ ಅಜ್ಜಿ ಬೇಲಿ ಸಂದಿಯಿಂದ ಎಲ್ಲ ನೋಡಿದ್ದಳು. ಅವಳ ಹಸು ಆ ವಾರವೇ ಹಾಲು ಕಡಿಮೆ ಮಾಡಿತ್ತು. ನಾನು ಮುಂದಿನ ಸಲ ಹೋಗಿ, ಅರ್ಥಿಂಗ್ ಸರಿಯಿದ್ದರೆ ಉರಿಯಬೇಕಾದ ಟೆಸ್ಟ್ ಲ್ಯಾಂಪು ಹಿಡಿದರೆ ಉರಿಯಲಿಲ್ಲ. ಅಗೆದು ನೋಡಿದರೆ ತಾಮ್ರವೂ ಇಲ್ಲ, ಇದ್ದಿಲೂ ಇಲ್ಲ. ಮಾಟ ಅಂತ ಅಜ್ಜಿ ಎಲ್ಲವನ್ನೂ ತೋಡಿ, ಬೇವಿನ ಸೊಪ್ಪಿನಲ್ಲಿ ಸುತ್ತಿ ಕೆರೆಗೆ ಹಾಕಿ ಬಂದಿದ್ದಳು. ಅವಳನ್ನು ಕೂರಿಸಿಕೊಂಡು, ಅಜ್ಜಿ, ಇದು ಮಾಟ ಅಲ್ಲ, ಮಷೀನಿನ ಮೈಗೆ ಕರೆಂಟು ಬಂದರೆ ಅದು ಮಕ್ಕಳನ್ನು ಹಿಡಿಯದೆ ಭೂಮಿಗೆ ಹೋಗಲಿ ಅಂತ ಮಾಡಿದ ದಾರಿ ಎಂದು ಸಮಾಧಾನವಾಗಿ ತಿಳಿಸಿದೆ.

"ನಾನೂ ಅದ್ನೇ ಅಲ್ವಾ ಏಳದು" ಎಂದಳು ಅಜ್ಜಿ. "ಮೈ ಮೇಲ್ ಬಂದುದ್ನ ಮಣ್ಗಾಕವ್ರೆ ಅಂತ."

ಎರಡನೇ ಗುಂಡಿಯನ್ನು ಅಜ್ಜಿಯ ಎದುರಿನಲ್ಲೇ, ಅವಳ ಕೈಯಲ್ಲೇ ತೆಂಗಿನಕಾಯಿ ಒಡೆಸಿ ಮುಚ್ಚಿದೆವು. ಆ ಅರ್ಥಿಂಗ್ ಇವತ್ತಿಗೂ ಗಟ್ಟಿಯಾಗಿದೆ.

ಪೂಜೆಯ ದಿನ

ಆಯುಧಪೂಜೆ ಬೆಳಿಗ್ಗೆ ಮಷೀನು ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲಿ ತಯಾರಾಗಿ ನಿಂತಿತ್ತು. ಶಾಕ್ ಹೊಡೆಯುವ ಮೊದಲೇ ಮನೆಯ ಕರೆಂಟು ಕಡಿಯುವ ಬ್ರೇಕರನ್ನೂ ಹಾಕಿದ್ದೆ. ಮೊದಲು ಪೂಜೆ, ಆಮೇಲೆ ಆಟ ಎಂದಳು ಯಜಮಾನನ ಹೆಂಡತಿ. ಕುಡುಗೋಲು, ಗುದ್ದಲಿ, ಬೈಕು, ಹೊಲಿಗೆ ಮಷೀನು ಎಲ್ಲಕ್ಕೂ ಕುಂಕುಮ ಇಟ್ಟು, ಚೆಂಡುಹೂ ಮುಡಿಸಿ, ನನ್ನ ಚೀಲ ಬಿಚ್ಚಿ ಟೆಸ್ಟರು, ಸ್ಕ್ರೂಡ್ರೈವರು, ಕಟಿಂಗ್ ಪ್ಲೇಯರನ್ನೂ ಸಾಲಿನಲ್ಲಿ ಮಲಗಿಸಿದಳು. ಕೊನೆಗೆ ಮಾವಿನೆಲೆಯಲ್ಲಿ ಅದ್ದಿ ಎಲ್ಲದರ ಮೇಲೂ ತೀರ್ಥ ಚಿಮುಕಿಸಿದಳು. ಜಪಾನಿನ ಪಾಲಿಗೆ ಸ್ವಲ್ಪ ಹೆಚ್ಚೇ ಬಿತ್ತು. ಯಜಮಾನ ಸ್ವಿಚ್ಚು ಒತ್ತಿದ. ಟಪ್ ಎಂದು ಇಡೀ ಮನೆಯ ಕರೆಂಟು ಹೋಯಿತು.

ಸುಟ್ಟಿಲ್ಲ, ನೀರು ಬಿದ್ದದ್ದಕ್ಕೆ ಬ್ರೇಕರು ತನ್ನ ಕೆಲಸ ಮಾಡಿದೆ, ಬಿಚ್ಚಿ ಒರೆಸಿದರೆ ಸರಿಹೋಗುತ್ತದೆ ಎಂದು ನಾನು ಹೇಳುತ್ತಲೇ ಇದ್ದೆ. ಹೆಂಡತಿ ಗುಜರಿಯವನಿಗೆ ಫೋನು ಮಾಡುತ್ತಲೇ ಇದ್ದಳು. ಸ್ಕ್ರೂಡ್ರೈವರಿಗೆ ಕೈ ಹಾಕಿದೆ, ಪೂಜೆಗಿಟ್ಟ ಆಯುಧ ಇವತ್ತು ಮುಟ್ಟುವಂತಿಲ್ಲ ಎಂದಳು. ಚಾಕುವೂ ಪೂಜೆಯಲ್ಲಿತ್ತು, ಈಳಿಗೆಮಣೆಯೂ ಪೂಜೆಯಲ್ಲಿತ್ತು. ಯಜಮಾನ ಗೋಡೆಗೆ ಒರಗಿ ಕೂತುಬಿಟ್ಟ, ಕಣ್ಣಲ್ಲಿ ನೀರು. ಆಗ ಪ್ರಸಾದಕ್ಕೆ ಬಂದು ಕೂತಿದ್ದ ಪಕ್ಕದ ಮನೆ ಅಜ್ಜಿ ಸೊಂಟದ ಚೀಲದಿಂದ ಅಡಕತ್ತರಿ ತೆಗೆದು ನನ್ನ ಕೈಗೆ ಕೊಟ್ಟಳು.

"ಇದ್ನ ನಾನು ಪೂಜೆಗೆ ಇಕ್ಕಿಲ್ಲ ಕಣಪ್ಪ. ಇಕ್ಕುದ್ರೆ ದಿನೆಲ್ಲ ಏನ್ ಅಗೀಲಿ?"

ಮೇನ್ ಆಫ್ ಮಾಡಿ, ಅಡಕತ್ತರಿಯ ಮೂತಿಯಲ್ಲೇ ಹಿಂದಿನ ತಗಡು ಬಿಚ್ಚಿ, ಒರೆಸಿ, ಮಧ್ಯಾಹ್ನದವರೆಗೆ ಬಿಸಿಲಿನಲ್ಲಿ ಒಣಗಿಸಿ, ಮತ್ತೆ ಕೂಡಿಸಿದೆ. ಬ್ರೇಕರು ಎತ್ತಿದೆ. ಈ ಸಲ ದೀಪಗಳು ಹತ್ತಿ ಸಂಗೀತ ಶುರುವಾಯಿತು. ಕತ್ತರಿ ಕೊಟ್ಟವಳೇ ಮೊದಲು ಎಳೆಯಲಿ ಎಂದು ಅಜ್ಜಿಯ ಕೈಯಲ್ಲಿ ಹಿಡಿ ಎಳೆಸಿದೆವು. ಚಕ್ರ ತಿರುಗಿ ತಿರುಗಿ ನಿಂತವು. ಮೂರರಲ್ಲೂ ಹಸಿರು ಬಣ್ಣದ ದುಂಡನೆಯ ಕಲ್ಲಂಗಡಿ. ಬಿಲ್ಲೆಗಳು ಗಲಗಲ ಸುರಿದವು.

ಅಜ್ಜಿ ಕೈ ಮುಗಿದು ನಿಂತುಬಿಟ್ಟಳು. ಅವಳ ಕಣ್ಣಿಗೆ ಅದು ಕಲ್ಲಂಗಡಿಯಲ್ಲ, ಆಯುಧಪೂಜೆಗೆ ದೃಷ್ಟಿ ತೆಗೆದು ಒಡೆಯುವ ಬೂದುಗುಂಬಳ. ಒಂದಲ್ಲ, ಮೂರು. ಅದೂ ತಾವಾಗಿಯೇ ಬಂದು ನಿಂತದ್ದು. ಮಾರನೇ ದಿನ ಅವಳ ಹಸು ಹಾಲನ್ನೂ ಸರಿಯಾಗಿ ಕೊಟ್ಟಿತು. ಅಷ್ಟು ಸಾಕಾಯಿತು. ನಾನು ಮುಂದೆ ಒಂದು ಸೋಮವಾರ ಹೋದಾಗ ಮನೆ ಮುಂದೆ ಚಪ್ಪಲಿಗಳ ರಾಶಿ. ದೂರದ ಹರವೆ ಊರಿನಿಂದೆಲ್ಲ ಜನ ಬಂದಿದ್ದರು. ಮಗಳಿಗೆ ಗಂಡು ಸಿಗುತ್ತದೆಯೇ, ಬೋರಿನಲ್ಲಿ ನೀರು ಬೀಳುತ್ತದೆಯೇ ಎಂದು ಮನಸ್ಸಿನಲ್ಲಿ ಕೇಳಿಕೊಂಡು ಹಿಡಿ ಎಳೆಯುವುದು, ಕುಂಬಳಕಾಯಿ ಬಿದ್ದರೆ ಆಗುತ್ತದೆ ಎಂದರ್ಥ. ಟೂರಿಸ್ಟುಗಳ ಮಕ್ಕಳು ದೂರದಲ್ಲಿ ನಿಂತು ನೋಡುತ್ತಿದ್ದರು. ಗುಜರಿಗೆ ಹಾಕುತ್ತೇನೆ ಎಂದವಳು ಒದ್ದೆ ತಲೆಗೆ ಬಟ್ಟೆ ಕಟ್ಟಿಕೊಂಡು, ಮಷೀನಿನ ಪಕ್ಕದಲ್ಲಿ ನಿಂತು ಸಾಲು ನೋಡಿಕೊಳ್ಳುತ್ತಿದ್ದಳು. ತೀರ್ಥ ಚಿಮುಕಿಸುವುದನ್ನು ಮಾತ್ರ ಬಿಟ್ಟಿದ್ದಳು. ನನಗೆ ಅಷ್ಟೇ ಬೇಕಾಗಿದ್ದದ್ದು.

ಯಜಮಾನನಿಗೆ ಎದೆಯುಬ್ಬಿತ್ತು. ಗೆದ್ದೆ ನೋಡಣ್ಣ ಎಂದು ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ, ಅಷ್ಟು ಆಸೆಪಟ್ಟು ತಂದರೂ ನಾನಿನ್ನೂ ಒಂದು ಸಲವೂ ಆಡಿಲ್ಲ, ಈಗ ನೋಡು ಎಂದು ಹಿಡಿಗೆ ಕೈ ಹಾಕಿದ. ಹೆಂಡತಿ ಅವನ ಕೈ ಮೇಲೆ ಪಟ್ ಎಂದು ಒಂದು ಕೊಟ್ಟಳು.

"ಎಲ್ಲಿಗ್ ಕೈ ಆಕ್ತಿದ್ದೀರಿ? ಓಗಿ, ಮೊದ್ಲು ತಲೆಗೆ ನೀರುಯ್ಕಂಡು ಬಂದು ಸಾಲಲ್ ನಿಂತ್ಕಳಿ."